ಅಡಿಕೆ ದ್ವೀಪದ ಜಗಲಿಗಳಲ್ಲಿ ಒಂದು ಹಗಲು

ಹಡಗಿನ ಪ್ರವಾಸವನ್ನು ಯಾರೂ ಕ್ಯಾಮೆರಾ ಹಿಡಿದವರ ಅನುಕೂಲ ನೋಡಿ ಹೊಂದಿಸಿಲ್ಲ. ಎಳೆಬಿಸಿಲು ಊರಿನ ಮೇಲೆ ಬೀಳುವಾಗ ನೀವು ಇನ್ನೂ ಹಡಗಿನ ಒಳಗಿರುತ್ತೀರಿ. ಹೊಂಬಿಸಿಲು ಇಳಿಯುವ ಹೊತ್ತಿಗೆ ಮತ್ತೆ ಒಳಗಿರುತ್ತೀರಿ. ನಡುವೆ ದಕ್ಕುವುದು ಒಂಬತ್ತರಿಂದ ಮೂರೂವರೆಯ ತನಕದ ಉರಿಬಿಸಿಲು. ಆ ಬಿಸಿಲಿನಲ್ಲಿ ಯಾರ ಚಿತ್ರ ತೆಗೆದರೂ ಕಣ್ಣಿನ ಜಾಗದಲ್ಲಿ ಎರಡು ಕಪ್ಪು ಗುಳಿ, ಮೂಗಿನ ತುದಿಯಲ್ಲಿ ಒಂದು ಬಿಳಿ ಚುಕ್ಕೆ. ಮೊದಲ ಹಡಗಿನ ಪ್ರವಾಸದಿಂದ ನಾನು ತಂದ ಚಿತ್ರಗಳಲ್ಲಿ ಮುಕ್ಕಾಲು ಪಾಲು ಹೀಗೇ ಇದ್ದವು. ಎರಡನೆಯ ಸಲ ಹೊರಟಾಗ, ಸಿಗುವ ಕೆಟ್ಟ ಬೆಳಕಿಗೆ ಒಪ್ಪುವ ಊರು ಯಾವುದು ಎಂದು ನೋಡಿಕೊಂಡೇ ಹೊರಟೆ. ಆ ಊರು ಮಲೇಷ್ಯಾದ ಪೆನಾಂಗ್ ದ್ವೀಪದ ಜಾರ್ಜ್ ಟೌನ್.

ಸಿಂಗಾಪುರದಿಂದ ಹೊರಟು ಥಾಯ್ಲೆಂಡಿನ ಫುಕೆಟ್, ಅಲ್ಲಿಂದ ಪೆನಾಂಗ್, ಮತ್ತೆ ಸಿಂಗಾಪುರ. ಏಪ್ರಿಲ್ ಮೊದಲ ವಾರ. ಜೊತೆಗೆ ಅಕ್ಕ. ಅವಳಿಗೆ ಫೋಟೊ ಬಗ್ಗೆ ಆಸಕ್ತಿಯಿಲ್ಲ, ಜನರ ಬಗ್ಗೆ ವಿಪರೀತ ಆಸಕ್ತಿ. ಬೀದಿಯಲ್ಲಿ ಚಿತ್ರ ತೆಗೆಯುವವರಿಗೆ ಇದಕ್ಕಿಂತ ಒಳ್ಳೆಯ ಜೊತೆ ಬೇರೆ ಬೇಕಿಲ್ಲ ಎಂಬುದು ನನಗೆ ಆ ದಿನ ಮಧ್ಯಾಹ್ನ ಗೊತ್ತಾಯಿತು.

ಜಾರ್ಜ್ ಟೌನ್ ನಡೆಯುವವರಿಗೆ ಒದಗುವುದಕ್ಕೆ ಮೊದಲ ಕಾರಣ ಅದರ ಬಂದರು. ಏಷ್ಯಾದ ಎಷ್ಟೋ ದೊಡ್ಡ ಊರುಗಳಿಗೆ ಹಡಗು ಬರುತ್ತದೆ ಎಂದು ಕರಪತ್ರದಲ್ಲಿ ಇರುತ್ತದೆ, ಆದರೆ ಹಡಗು ನಿಲ್ಲುವುದು ಇನ್ನೆಲ್ಲೋ. ಬ್ಯಾಂಕಾಕ್ ಎಂದು ಬರೆದಿದ್ದರೆ ಲೇಮ್ ಚಬಾಂಗ್‌ನಲ್ಲಿ ಇಳಿಸಿ ಬಸ್ಸಿನಲ್ಲಿ ಎರಡು ಗಂಟೆ ಕೂರಿಸುತ್ತಾರೆ. ಕೌಲಾಲಂಪುರ ಎಂದಿದ್ದರೆ ಪೋರ್ಟ್ ಕ್ಲಾಂಗ್. ಪೆನಾಂಗ್‌ನ ಸ್ವೆಟೆನ್‌ಹ್ಯಾಮ್ ಪಿಯರ್ ಹಾಗಲ್ಲ. ಅದು ಊರಿನ ಹೊಸ್ತಿಲಿನಲ್ಲೇ ಇದೆ. ಗೇಟು ದಾಟಿದರೆ ಎದುರಿಗೇ ವಿಕ್ಟೋರಿಯಾ ರಾಣಿಯ ಗಡಿಯಾರದ ಗೋಪುರ. 2008ರಲ್ಲಿ ಮಲಕ್ಕಾದ ಜೊತೆ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಹಳೆಯ ಪೇಟೆ ಅಲ್ಲಿಂದಲೇ ಶುರುವಾಗುತ್ತದೆ. ಬಸ್ಸು ಬೇಡ, ಟ್ಯಾಕ್ಸಿ ಬೇಡ.

ಎರಡನೆಯ ಕಾರಣ, ನನ್ನ ಮಟ್ಟಿಗೆ ಮುಖ್ಯವಾದದ್ದು, ಜಗಲಿ. ಹಳೆಯ ಪೇಟೆಯ ಅಂಗಡಿಮನೆಗಳೆಲ್ಲ ಕೆಳಗೆ ಅಂಗಡಿ, ಮೇಲೆ ಮನೆ. ಮೇಲಿನ ಅಂತಸ್ತು ಮುಂದಕ್ಕೆ ಚಾಚಿ ಕಂಬಗಳ ಮೇಲೆ ನಿಂತಿದೆ. ಅದರಡಿಯಲ್ಲಿ ಒಂದು ಅಂಗಡಿಯಿಂದ ಮುಂದಿನ ಅಂಗಡಿಗೆ ಬೀದಿಯುದ್ದಕ್ಕೂ ನೆರಳಿನ ದಾರಿ. ಮಲಯ ಭಾಷೆಯಲ್ಲಿ ಇದಕ್ಕೆ ಕಾಕಿ ಲಿಮಾ ಎನ್ನುತ್ತಾರೆ, ಅಂದರೆ ಐದಡಿ. 1822ರಲ್ಲಿ ಸಿಂಗಾಪುರದ ಪಟ್ಟಣ ಯೋಜನೆ ಮಾಡಿಸುವಾಗ ಬ್ರಿಟಿಷ್ ಅಧಿಕಾರಿ ಸ್ಟ್ಯಾಮ್‌ಫರ್ಡ್ ರಾಫಲ್ಸ್ ಪ್ರತಿ ಕಟ್ಟಡದ ಮುಂದೆ ಇಂಥ ಮಾಡಿನ ದಾರಿ ಇರಲೇಬೇಕೆಂದು ನಿಯಮ ಮಾಡಿದ. ಈ ಪದ್ಧತಿ ಮಲಯ ಕರಾವಳಿಯ ಊರುಗಳಿಗೂ ಹಬ್ಬಿತು. ಮಳೆ ಬಿಸಿಲಿಗೆಂದು ಕಟ್ಟಿದ ಆ ಐದಡಿ ನನ್ನ ಪಾಲಿಗೆ ಮೈಲುಗಟ್ಟಲೆ ಉದ್ದದ ಸ್ಟುಡಿಯೊ.

ಹೊರಡುವ ಮೊದಲು ನಕ್ಷೆ ಹರಡಿಕೊಂಡು ಬೆಳಕಿನ ಲೆಕ್ಕ ಹಾಕಿದೆ. ಜಾರ್ಜ್ ಟೌನ್ ಇರುವುದು ದ್ವೀಪದ ಈಶಾನ್ಯ ಮೂಲೆಯಲ್ಲಿ. ಪೂರ್ವಕ್ಕೆ ಕಿರಿದಾದ ಜಲಸಂಧಿ, ಅದರಾಚೆ ಮುಖ್ಯಭೂಮಿಯ ಬಟರ್‌ವರ್ತ್ ಊರು. ಸೂರ್ಯ ಹುಟ್ಟುವುದು ಆ ಕಡೆಯಿಂದ, ಹಾಗಾಗಿ ಬೆಳಗಿನ ಬಿಸಿಲು ಕಡಲತೀರದ ಮನೆಗಳ ಮುಖಕ್ಕೇ ಬೀಳುತ್ತದೆ. ಮಧ್ಯಾಹ್ನ ಕಳೆದರೆ ಅವೇ ಮನೆಗಳು ಕಪ್ಪು ಕಪ್ಪು. ಆದ್ದರಿಂದ ಗಡಿಯಾರದ ಗೋಪುರ, ಕೋಟೆ ಎಂದು ಎಲ್ಲರೂ ಹೋಗುವ ಕ್ರಮವನ್ನು ತಿರುಗಿಸಿದೆ. ಮೊದಲು ದಂಡೆಯುದ್ದಕ್ಕೂ ದಕ್ಷಿಣಕ್ಕೆ ನಡೆದು ನೀರಿನ ಮೇಲಿನ ಮನೆಗಳು, ಆಮೇಲೆ ಒಳಗೆ ತಿರುಗಿ ಅರ್ಮೇನಿಯನ್ ಸ್ಟ್ರೀಟ್, ನೆತ್ತಿಯ ಬಿಸಿಲಿನ ಹೊತ್ತಿಗೆ ಪಿಟ್ ಸ್ಟ್ರೀಟಿನ ಜಗಲಿಗಳು, ಕೊನೆಗೆ ಕೋಟೆ, ಗೋಪುರ, ಹಡಗು.

ಇನ್ನೊಂದು ವಿಷಯ ಈ ಲೆಕ್ಕದಲ್ಲಿ ಸಿಕ್ಕಿತು. ಪೆನಾಂಗ್ ಇರುವುದು ಸುಮಾರು 100 ಡಿಗ್ರಿ ಪೂರ್ವ ರೇಖಾಂಶದಲ್ಲಿ, ಆದರೆ ಅಲ್ಲಿನ ಗಡಿಯಾರ ನಡೆಯುವುದು 120 ಡಿಗ್ರಿಯ ಲೆಕ್ಕದಲ್ಲಿ. 1982ರ ಹೊಸ ವರ್ಷಕ್ಕೆ ಮಲಯ ಪರ್ಯಾಯ ದ್ವೀಪದ ಗಡಿಯಾರವನ್ನು ಅರ್ಧ ಗಂಟೆ ಮುಂದಕ್ಕೆ ತಿರುಗಿಸಿ ಇಡೀ ದೇಶಕ್ಕೆ ಒಂದೇ ಸಮಯ ಮಾಡಿದರು. ಹೀಗಾಗಿ ಏಪ್ರಿಲ್‌ನಲ್ಲಿ ಸೂರ್ಯ ಹುಟ್ಟುವುದೇ ಏಳು ದಾಟಿದ ಮೇಲೆ. ಅವನು ನೆತ್ತಿಗೆ ಬರುವುದು ಹನ್ನೆರಡಕ್ಕಲ್ಲ, ಒಂದು ಇಪ್ಪತ್ತರ ಸುಮಾರಿಗೆ. ಊರು ಸಮಭಾಜಕದಿಂದ ಐದೂಕಾಲು ಐದೂವರೆ ಡಿಗ್ರಿಯಷ್ಟೇ ಉತ್ತರಕ್ಕಿರುವುದರಿಂದ ಏಪ್ರಿಲ್ ಮೊದಲ ವಾರದಲ್ಲಿ ನೆರಳೇ ಇಲ್ಲದ ದಿನವೂ ಬರುತ್ತದೆ. ಒಂದು ಇಪ್ಪತ್ತು ಎಂಬ ಈ ಸಂಖ್ಯೆಯನ್ನು ಪುಸ್ತಕದಲ್ಲಿ ಬರೆದು ಅಡಿಗೆರೆ ಎಳೆದೆ. ಅದು ಬೇರೆಯೇ ಕೆಲಸಕ್ಕೆ ಬಂತು.

ಸಾಮಾನು ಹೆಚ್ಚಿರಲಿಲ್ಲ. ಒಂದು ಸಣ್ಣ ಮಿರರ್‌ಲೆಸ್ ಕ್ಯಾಮೆರಾ, ಜೂಮ್ ಇಲ್ಲದ ಒಂದೇ 23 ಎಂಎಂ ಲೆನ್ಸ್, ಎರಡು ಬ್ಯಾಟರಿ, ಎರಡು ಕಾರ್ಡ್, ಹತ್ತಿಯ ಬಟ್ಟೆ, ಜಿಪ್ ಇರುವ ಪ್ಲಾಸ್ಟಿಕ್ ಚೀಲ, ನೀರು. ಜೂಮ್ ಲೆನ್ಸನ್ನು ಕ್ಯಾಬಿನ್ನಿನಲ್ಲೇ ಬಿಟ್ಟೆ. ಆರೇಳು ಗಂಟೆ ಆ ಸೆಕೆಯಲ್ಲಿ ನಡೆದವರಿಗೆ ಒಂದೊಂದು ನೂರು ಗ್ರಾಮೂ ಮಧ್ಯಾಹ್ನ ಒಂದು ಕಿಲೋ ಆಗುತ್ತದೆ. ಅಲ್ಲದೆ ಜೂಮ್ ಇದ್ದರೆ ನಾನು ದೂರದಿಂದ ಕದಿಯುತ್ತೇನೆ. ಅದು ಇಲ್ಲದಿದ್ದರೆ ಹತ್ತಿರ ಹೋಗಿ ಮಾತನಾಡಿಸಬೇಕಾಗುತ್ತದೆ.

ಪೆನಾಂಗ್ ತಲುಪುವ ದಿನ ಬೆಳಿಗ್ಗೆ ಆರಕ್ಕೆ ಅಲಾರಂ ಇಟ್ಟಿದ್ದೆ. ಮೇಲಿನ ಡೆಕ್ಕಿಗೆ ಹೋಗಿ ಸೂರ್ಯೋದಯದಲ್ಲಿ ಊರನ್ನು ಹಿಡಿಯುವ ಯೋಚನೆ. ಅಲಾರಂ ಹೊಡೆಯಿತು, ಎದ್ದೆ, ಮುಖ ತೊಳೆದು ಮೇಲೆ ಹೋಗುವಷ್ಟರಲ್ಲಿ ಬೆಳಗಾಗಿಯೇ ಹೋಗಿತ್ತು. ಹಡಗು ದಡಕ್ಕೆ ಕಟ್ಟಿಕೊಂಡಿತ್ತು. ಪುಸ್ತಕದ ಲೆಕ್ಕಕ್ಕೂ ಆಕಾಶಕ್ಕೂ ಹೊಂದಿಕೆಯಿಲ್ಲವಲ್ಲ ಎಂದುಕೊಂಡು, ನನ್ನ ಲೆಕ್ಕವೇ ತಪ್ಪಿರಬೇಕು ಎಂದು ಕ್ಯಾಮೆರಾ ಎತ್ತಿದೆ. ಎದುರಿಗೆ ಹಾಲಿನಂಥ ಮಂಜು. ಊರಿನ ಮೇಲಲ್ಲ, ಲೆನ್ಸಿನ ಮೇಲೆ.

ಇದು ಗೊತ್ತಿದ್ದೂ ಮಾಡಿದ ತಪ್ಪು. ರಾತ್ರಿಯಿಡೀ ಎಸಿಯಲ್ಲಿ ತಣ್ಣಗಾದ ಗಾಜು ಹೊರಗಿನ ತೇವದ ಗಾಳಿಗೆ ಬಂದರೆ ಫ್ರಿಜ್ಜಿನಿಂದ ತೆಗೆದ ಬಾಟಲಿಯ ಹಾಗೆ ಬೆವರುತ್ತದೆ. ಒರೆಸಿದರೆ ಮತ್ತೆ ಬೆವರುತ್ತದೆ. ಗಾಜು ಹೊರಗಿನ ಗಾಳಿಯಷ್ಟೇ ಬೆಚ್ಚಗಾಗುವ ತನಕ ಕಾಯುವುದು ಬಿಟ್ಟು ಬೇರೆ ದಾರಿಯಿಲ್ಲ, ನನಗೆ ಅದಕ್ಕೆ ಇಪ್ಪತ್ತು ನಿಮಿಷ ಹಿಡಿಯಿತು. ಆ ಹೊತ್ತಿನಲ್ಲಿ ಲೆನ್ಸ್ ಬದಲಿಸಬಾರದು, ತೇವ ಒಳಗಿನ ಸೆನ್ಸರಿನ ಮೇಲೆ ಕೂರುತ್ತದೆ. ಸರಿಯಾದ ಕ್ರಮವೆಂದರೆ ಎಸಿಯೊಳಗೆ ಇರುವಾಗಲೇ ಕ್ಯಾಮೆರಾವನ್ನು ಜಿಪ್ ಚೀಲದಲ್ಲಿ ಮುಚ್ಚಿ, ಹೊರಗೆ ತಂದು ಮುಚ್ಚಿದಂತೆಯೇ ಅರ್ಧ ಗಂಟೆ ಇಡುವುದು. ಆಗ ತೇವ ಕೂರುವುದು ಚೀಲದ ಮೇಲೆ. ಚೀಲ ತಂದಿದ್ದೆ. ಅದು ಸೂಟ್‌ಕೇಸಿನಲ್ಲಿ ಭದ್ರವಾಗಿತ್ತು.

ಉಪಾಹಾರಕ್ಕೆ ಹೋದರೆ ಸಿಬ್ಬಂದಿ ಪಾತ್ರೆಗಳನ್ನು ಎತ್ತುತ್ತಿದ್ದರು. ಇಷ್ಟು ಬೇಗ ಮುಚ್ಚುತ್ತಾರಲ್ಲ ಎಂದು ಅಕ್ಕ ಗೊಣಗಿದಳು. ಎಂಟಕ್ಕೆ ಇಳಿಯಲು ಹೋದರೆ ಅಲ್ಲಿ ಸರತಿ ಸಾಲೇ ಇಲ್ಲ. ಎರಡು ಸಾವಿರ ಜನರ ಹಡಗಿನಲ್ಲಿ ನಾವೇ ಚುರುಕು ಎಂದು ಹೆಮ್ಮೆಯಾಯಿತು. ಹಡಗಿನ ಕಾರ್ಡ್ ಒತ್ತಿಸಿ ಇಳಿದೆವು. ಎಲ್ಲರೂ ಮೂರೂವರೆಗೆ ಹಿಂತಿರುಗಿರಬೇಕು ಎಂದು ಬಾಗಿಲಲ್ಲೇ ಫಲಕ ಇಟ್ಟಿದ್ದರು. ಹಡಗಿನವರೇ ಏರ್ಪಡಿಸಿದ ಪ್ರವಾಸದ ಬಸ್ಸು ತಡವಾದರೆ ಹಡಗು ಕಾಯುತ್ತದೆ. ನಮ್ಮಂತೆ ಸ್ವಂತವಾಗಿ ತಿರುಗುವವರಿಗೆ ಕಾಯುವುದಿಲ್ಲ. ಮುಂದಿನ ಬಂದರಿಗೆ ನಮ್ಮ ಖರ್ಚಿನಲ್ಲಿ ನಾವೇ ಹೋಗಬೇಕು.

ದಂಡೆಯ ವೆಲ್ಡ್ ಕೀ ರಸ್ತೆಯಲ್ಲಿ ಇಪ್ಪತ್ತು ನಿಮಿಷ ದಕ್ಷಿಣಕ್ಕೆ ನಡೆದರೆ ಕುಲದ ಜೆಟ್ಟಿಗಳು. ಚೀನಾದ ಫುಜಿಯಾನ್ ಕಡೆಯಿಂದ ವಲಸೆ ಬಂದವರು ಮರದ ಕಂಬಗಳನ್ನು ನೀರಿನಲ್ಲಿ ನೆಟ್ಟು ಅದರ ಮೇಲೆ ಕೇರಿ ಕಟ್ಟಿಕೊಂಡರು. ಒಂದೊಂದು ಜೆಟ್ಟಿಗೆ ಒಂದೊಂದು ಮನೆತನದ ಹೆಸರು: ಲಿಮ್, ಚೂ, ಟಾನ್, ಲೀ. ದೊಡ್ಡದು ಚೂ ಜೆಟ್ಟಿ. ಅದರ ಮೊದಲ ಅರ್ಧ ಈಗ ಅಂಗಡಿಗಳ ಸಾಲು, ಫ್ರಿಜ್‌ಗೆ ಅಂಟಿಸುವ ಆಯಸ್ಕಾಂತ, ಟೀ ಶರ್ಟು, ಎಳನೀರು. ಅಲ್ಲಿ ನಿಲ್ಲದೆ ತುದಿಗೆ ಹೋದೆವು. ಹಲಗೆಗಳ ಸಂದಿನಲ್ಲಿ ಕೆಳಗೆ ಕೆಸರು, ಕಟ್ಟಿಹಾಕಿದ ದೋಣಿ. ಇಲ್ಲಿ ನನ್ನ ಲೆಕ್ಕ ಸರಿಯಾಗಿತ್ತು. ಓರೆ ಬಿಸಿಲು ನೀರಿಗೆ ಬಡಿದು, ಪುಟಿದು, ಮನೆಗಳ ಹಲಗೆ ಗೋಡೆಯ ಮೇಲೆ ಬಳುಕುವ ಗೆರೆಗಳನ್ನು ಬರೆಯುತ್ತಿತ್ತು. ಆದರೆ ಇನ್ನೊಂದು ಗಂಟೆ ಮೊದಲು ಬಂದಿದ್ದರೆ ಚೆನ್ನಾಗಿತ್ತು ಎಂದೂ ಅನಿಸಿತು. ಬಿಸಿಲು ಆಗಲೇ ಗಟ್ಟಿಯಾಗಿತ್ತು.

ಜನ ವಾಸಿಸುವ ಕೇರಿಯಲ್ಲಿ ಕ್ಯಾಮೆರಾ ಹಿಡಿದು ಓಡಾಡುವುದಕ್ಕೆ ನನ್ನದೊಂದು ಕಟ್ಟಳೆ ಇದೆ. ತೆರೆದ ಬಾಗಿಲಿನ ಹೊರಗಿರುವುದು ನನ್ನದು, ಒಳಗಿರುವುದು ಅವರದ್ದು. ಒಳಗೆ ಫೋಟೊ ಬೇಡ ಎಂಬ ಫಲಕಗಳೂ ಅಲ್ಲಲ್ಲಿ ಇದ್ದವು. ಒಂದು ಹೊಸ್ತಿಲಿನ ಪಕ್ಕದಲ್ಲಿ ನೆಲಮಟ್ಟದ ಕೆಂಪು ಪೂಜಾಗೂಡು, ಮೂರು ಊದುಕಡ್ಡಿ, ಮೇಲೆ ಒಣಗಲು ಹಾಕಿದ ಅಂಗಿಗಳು. ಅಲ್ಲೇ ಕುಳಿತಿದ್ದ ಅಜ್ಜನಿಗೆ ಕ್ಯಾಮೆರಾ ತೋರಿಸಿ "ಬೊಲೆ?" ಎಂದೆ. ಆಗಬಹುದೇ ಎಂಬುದಕ್ಕೆ ಮಲಯ ಮಾತು. ಅದೊಂದು, ಧನ್ಯವಾದಕ್ಕೆ ತೆರಿಮಾ ಕಾಸಿ, ಇವೆರಡರ ಬಲದಲ್ಲೇ ಇಡೀ ದಿನ ಕಳೆಯಿತು. ಅಜ್ಜ ತನ್ನನ್ನು ಬಿಟ್ಟು ಗೂಡನ್ನು ತೆಗೆ ಎಂದು ಕೈಮಾಡಿದರು. ಹಾಗೇ ಮಾಡಿದೆ. ಚಿತ್ರದ ಅಂಚಿನಲ್ಲಿ ಅವರ ಕಾಲ್ಬೆರಳು ಬಂದಿದೆ, ಅದನ್ನು ಕತ್ತರಿಸಲು ಮನಸ್ಸು ಬಂದಿಲ್ಲ.

ಅರ್ಮೇನಿಯನ್ ಸ್ಟ್ರೀಟಿನ ಗೋಡೆಚಿತ್ರಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅವುಗಳ ಚಿತ್ರ ಎಲ್ಲರ ಬಳಿಯೂ ಇದೆ. ಲಿಥುವೇನಿಯಾ ಮೂಲದ ಅರ್ನೆಸ್ಟ್ ಜಕಾರೆವಿಕ್ 2012ರಲ್ಲಿ ಬರೆದ, ಸೈಕಲ್ ಮೇಲೆ ಕುಳಿತ ಇಬ್ಬರು ಮಕ್ಕಳ ಚಿತ್ರ ಇರುವುದು ಇಲ್ಲಿ. ಮಕ್ಕಳು ಬಣ್ಣ, ಸೈಕಲ್ ಮಾತ್ರ ನಿಜವಾದದ್ದು, ಗೋಡೆಗೆ ಬಿಗಿದದ್ದು. ಅದರ ಮುಂದೆ ಸಾಲು ನಿಂತಿತ್ತು. ಬಣ್ಣ ಮಾಸಿದೆ, ಮಾಸಿದ್ದೇ ಚೆಂದ. ನಾನು ಸಾಲಿಗೆ ನಿಲ್ಲದೆ ಪಕ್ಕಕ್ಕೆ ಸರಿದು, ಚಿತ್ರ ತೆಗೆಸಿಕೊಳ್ಳುವವರ ಚಿತ್ರ ತೆಗೆದೆ. ಗೋಡೆಯ ಹುಡುಗಿ ಯಾರನ್ನೂ ಲೆಕ್ಕಿಸದೆ ಸೈಕಲ್ ಹೊಡೆಯುತ್ತಿದ್ದಾಳೆ. ಮುಂದೆ ನಿಂತವರೆಲ್ಲ ಬೆನ್ನು ಹಾಕಿ ನಗುತ್ತಿದ್ದಾರೆ. ಸ್ಟ್ರೀಟಿನ ಇನ್ನೊಂದು ಬದಿಯಲ್ಲಿ ಬಾಗಿಲು ಕಳಚಿ ದುರಸ್ತಿ ನಡೆಯುತ್ತಿದ್ದ ಮನೆ ನನಗೆ ಹೆಚ್ಚು ಹಿಡಿಸಿತು. ಈ ಪೇಟೆಯ ಹಳೆಯ ಬಾಡಿಗೆ ನಿಯಂತ್ರಣ 2000ದ ಜನವರಿಯಿಂದ ಇಲ್ಲವಾಯಿತು. ಬಾಡಿಗೆ ಏರಿ, ತಲೆಮಾರುಗಳಿಂದ ಇದ್ದ ಎಷ್ಟೋ ಸಂಸಾರಗಳು ಹೊರಗೆ ಹೋದವು, ಅಂಗಡಿಮನೆಗಳು ಕಾಫಿ ಮನೆ, ಹೋಟೆಲುಗಳಾದವು. ಪರಂಪರೆಯ ಫಲಕ ಬಂದಾಗ ಅದನ್ನು ನೋಡಲು ಅವರು ಅಲ್ಲಿರಲಿಲ್ಲ. ಇದನ್ನು ತಿಳಿದುಕೊಂಡು ನಡೆದರೆ ಯಾವ ಜಗಲಿಯಲ್ಲಿ ಹಳೆಯ ಬೆತ್ತದ ಕುರ್ಚಿ ಇದೆ, ಯಾವುದರಲ್ಲಿ ಹೊಸದಾಗಿ ಹಳೆಯದು ಮಾಡಿದ ಕುರ್ಚಿ ಇದೆ ಎಂದು ಕಣ್ಣಿಗೆ ಬೀಳಲು ಶುರುವಾಗುತ್ತದೆ.

ಖೂ ಕಾಂಗ್ಸಿ ಅಲ್ಲೇ ಓಣಿಯೊಳಗೆ. ಖೂ ಮನೆತನದವರ ಕುಲದ ದೇಗುಲ, ಈಗಿನ ಕಟ್ಟಡ ಮುಗಿದದ್ದು 1906ರಲ್ಲಿ. ಅದಕ್ಕೂ ಮೊದಲಿನದು ಬೆಂಕಿಗೆ ಹೋಯಿತು, ಚಕ್ರವರ್ತಿಯ ಅರಮನೆಯನ್ನೂ ಮೀರಿಸುವಂತೆ ಕಟ್ಟಿದ್ದಕ್ಕೆ ದೇವರುಗಳಿಗೆ ಸಿಟ್ಟು ಬಂದು ಸುಟ್ಟರು ಎಂದು ಕಥೆ. ಈಗಿನದು ಸಾಧಾರಣವಾಗಿ ಕಟ್ಟಿದ್ದಂತೆ. ಆ ಸಾಧಾರಣದ ಸೂರಿನ ತುಂಬ ಡ್ರ್ಯಾಗನ್, ಹಕ್ಕಿ, ಹೂವು, ಮನುಷ್ಯರು. ನನ್ನ 23 ಎಂಎಂ ಇಲ್ಲಿ ಸೋತಿತು, ಜೂಮ್ ನೆನಪಾಯಿತು. ನಾಲ್ಕು ಚಿತ್ರ ತೆಗೆದು ಕ್ಯಾಮೆರಾ ಮುಚ್ಚಿ ಸುಮ್ಮನೆ ನೋಡಿದೆ.

ಹೊರಗೆ ಬಂದ ಕೂಡಲೇ ಅಕ್ಕ ಹಸಿವು ಎಂದಳು. ಮೊಬೈಲ್ ನೋಡಿದರೆ ಹನ್ನೊಂದೂಕಾಲು. "ಈಗಷ್ಟೇ ತಿಂದೆವಲ್ಲ" ಎಂದೆ. "ನಡೆದವಳು ನಾನು, ನೀನು ಗೋಡೆಗೊಂದು ಗಂಟೆ ನಿಂತೆ" ಎಂದಳು. ಲಿಟಲ್ ಇಂಡಿಯಾದ ಬಾಳೆಎಲೆ ಊಟದ ಮನೆಗೆ ಹೋದರೆ ಕಾಲಿಡಲು ಜಾಗವಿಲ್ಲ. ಹನ್ನೊಂದೂವರೆಗೇ ಊರಿಗೆ ಊರೇ ಊಟಕ್ಕೆ ಕುಳಿತಿತ್ತು! ಇಲ್ಲಿನವರು ಬೇಗ ಉಣ್ಣುತ್ತಾರೆ ಎಂದು ಪುಸ್ತಕದಲ್ಲಿ ಬರೆದುಕೊಂಡೆ. ಆ ಸಾಲು ಈಗಲೂ ಇದೆ, ಓದಿದಾಗಲೆಲ್ಲ ಮುಖ ಬಿಸಿಯಾಗುತ್ತದೆ.

ಊಟವಾಗಿ ಕಪಿತಾನ್ ಕೆಲಿಂಗ್ ಮಸೀದಿಯ ಎದುರಿನ ಜಗಲಿಗೆ ಬಂದೆವು. 1801ರಲ್ಲಿ, ಇಲ್ಲಿಗೆ ವ್ಯಾಪಾರಕ್ಕೆ ಬಂದ ಭಾರತೀಯ ಮುಸ್ಲಿಮರು ಆರಂಭಿಸಿದ ಮಸೀದಿ. ಬಿಳಿ ಗೋಡೆ, ಕಪ್ಪು ಗುಮ್ಮಟ. ಅದು ಇರುವ ಪಿಟ್ ಸ್ಟ್ರೀಟಿಗೆ ಈಗ ಮಸೀದಿಯದೇ ಹೆಸರು. ಅದೇ ಸಾಲಿನಲ್ಲಿ ಕ್ವಾನ್ ಯಿನ್ ದೇವಿಯ ಚೀನೀ ಗುಡಿ, ಸ್ವಲ್ಪ ಒಳಗೆ 1833ರ ಮಹಾಮಾರಿಯಮ್ಮನ ಗುಡಿ, ತುದಿಯಲ್ಲಿ 1818ರ ಸೇಂಟ್ ಜಾರ್ಜ್ ಚರ್ಚ್. ಎಲ್ಲವೂ ಹತ್ತು ಹದಿನೈದು ನಿಮಿಷದ ನಡಿಗೆಯೊಳಗೆ. ನಾನು ಕಂಬಕ್ಕೆ ಒರಗಿ ಗುಮ್ಮಟದ ಚೌಕಟ್ಟು ಹುಡುಕುತ್ತಿದ್ದಾಗ ಮಧ್ಯಾಹ್ನದ ಆಜಾನ್ ಕೇಳಿತು. ಬೀದಿಯ ನಡುವೆ ಹೋಗುತ್ತಿದ್ದ ಸೈಕಲ್ ರಿಕ್ಷಾದ ನೆರಳು ಅದರ ಚಕ್ರದ ಅಡಿಗೇ ಸೇರಿಕೊಂಡಿತ್ತು. ನೆತ್ತಿಯ ಸೂರ್ಯ. ಮೊಬೈಲ್ ನೋಡಿದೆ: ಹನ್ನೆರಡು ಇಪ್ಪತ್ತೆರಡು.

ಪುಸ್ತಕದಲ್ಲಿ ಅಡಿಗೆರೆ ಎಳೆದ ಸಂಖ್ಯೆ ಒಂದು ಇಪ್ಪತ್ತು. ಮಧ್ಯಾಹ್ನದ ಪ್ರಾರ್ಥನೆಯ ಹೊತ್ತು ಸೂರ್ಯ ನೆತ್ತಿ ದಾಟಿದ ಮೇಲೆಯೇ ಶುರುವಾಗುವುದು. ಸೂರ್ಯ ಒಂದು ಗಂಟೆ ಮೊದಲು ಬರುವುದಿಲ್ಲ. ಹಾಗಾದರೆ ತಪ್ಪಿದ್ದು ಮೊಬೈಲ್. ಎದೆ ಧಸಕ್ಕೆಂದಿತು. ಹಿಂದಿನ ದಿನ ಫುಕೆಟ್‌ನಲ್ಲಿ ಅದು ಅಲ್ಲಿನ ನೆಟ್‌ವರ್ಕ್ ಹಿಡಿದು ತಾನಾಗಿ ಥಾಯ್ ಸಮಯಕ್ಕೆ ತಿರುಗಿತ್ತು, ಒಂದು ಗಂಟೆ ಹಿಂದೆ. ಹಡಗು ಮಾತ್ರ ಇಡೀ ಪ್ರವಾಸಕ್ಕೆ ಸಿಂಗಾಪುರದ ಸಮಯವನ್ನೇ ಇಟ್ಟುಕೊಂಡಿತ್ತು, ಪೆನಾಂಗ್‌ನದೂ ಅದೇ. ಈ ವ್ಯತ್ಯಾಸವನ್ನು ಫುಕೆಟ್‌ನಲ್ಲಿ ಅಕ್ಕನಿಗೆ ಪಾಠ ಮಾಡಿದವಳೇ ನಾನು. ಆಮೇಲೆ ರೋಮಿಂಗ್ ಖರ್ಚು ಬೇಡವೆಂದು ಇಬ್ಬರ ಮೊಬೈಲನ್ನೂ ಏರೋಪ್ಲೇನ್ ಮೋಡಿಗೆ ಹಾಕಿದವಳೂ ನಾನೇ. ಅವು ಥಾಯ್ಲೆಂಡಿನಲ್ಲೇ ಉಳಿದುಬಿಟ್ಟವು. ತಪ್ಪಿದ ಸೂರ್ಯೋದಯ, ಎತ್ತುತ್ತಿದ್ದ ಉಪಾಹಾರ, ಖಾಲಿ ಸರತಿ, ಅಕ್ಕನ ಹಸಿವು, ತುಂಬಿದ ಹೋಟೆಲು, ಎಲ್ಲವೂ ಬೆಳಗಿನಿಂದ ಕೂಗಿ ಹೇಳುತ್ತಿದ್ದವು. ಕ್ಯಾಮೆರಾದ ಗಡಿಯಾರ ನೋಡಿದರೆ ಹತ್ತು ಐವತ್ತೆರಡು, ಅದು ಇನ್ನೂ ಭಾರತದಲ್ಲಿತ್ತು. ದಾರಿಹೋಕರೊಬ್ಬರನ್ನು ಕೇಳಿದೆ. ಒಂದು ಇಪ್ಪತ್ತೆರಡು ಎಂದರು. ಸುಳ್ಳು ಹೇಳದೆ ಇದ್ದದ್ದು ರಿಕ್ಷಾದ ನೆರಳೊಂದೇ.

ಮೂರು ಗಂಟೆ ಉಳಿದಿದೆ ಎಂದುಕೊಂಡಿದ್ದಲ್ಲಿ ಎರಡೇ ಉಳಿದಿತ್ತು. ಪಟ್ಟಿಯಿಂದ ಚರ್ಚ್ ತೆಗೆದೆ, ನೀಲಿ ಬಣ್ಣದ ಚಿಯೋಂಗ್ ಫಾಟ್ ಟ್ಸೆ ಬಂಗಲೆ ತೆಗೆದೆ, ಕೋಟೆಯ ಒಳಗೆ ಹೋಗುವುದನ್ನು ತೆಗೆದೆ. ಉಳಿದದ್ದು ಜಗಲಿ. ಈಗ ಹೇಳುತ್ತೇನೆ, ಆ ಪಟ್ಟಿ ಮೊದಲೇ ಅಷ್ಟು ಚಿಕ್ಕದಾಗಿರಬೇಕಿತ್ತು.

ನೆತ್ತಿಯ ಬಿಸಿಲಿನಲ್ಲಿ ಜಗಲಿ ಹೇಗೆ ಕೆಲಸ ಮಾಡುತ್ತದೆ ಎಂದರೆ, ಮೇಲಿನ ಬೆಳಕನ್ನು ಮಾಡು ತಡೆಯುತ್ತದೆ. ಬೀದಿಗೆ ಬಿದ್ದ ಬಿಸಿಲು ನೆಲದಿಂದ, ಎದುರು ಗೋಡೆಯಿಂದ ಪುಟಿದು ಅಡ್ಡಲಾಗಿ ಒಳಗೆ ಬರುತ್ತದೆ. ಅದು ಮೃದು, ಅದಕ್ಕೆ ಒಂದೇ ದಿಕ್ಕು. ನೆರಳಿನ ಗೆರೆಯಿಂದ ಎರಡಡಿ ಒಳಗೆ ಬೀದಿಗೆ ಮುಖಮಾಡಿ ಕುಳಿತವರ ಮುಖ ತಾನಾಗಿ ಬೆಳಗುತ್ತದೆ, ಹಿಂದಿನ ಅಂಗಡಿ ಕತ್ತಲಿಗೆ ಸರಿಯುತ್ತದೆ. ಐದಡಿಯ ಒಳತುದಿಗೆ ಹೋದರೆ ಈ ಬೆಳಕು ಸಾಯುತ್ತದೆ, ಅಂಚಿಗೆ ಬಂದರೆ ಹಣೆಯ ಮೇಲೆ ಬಿಸಿಲಿನ ಪಟ್ಟಿ ಬೀಳುತ್ತದೆ. ಆ ಎರಡಡಿಯೇ ಆಟದ ಜಾಗ. ಬೀದಿಗೂ ಜಗಲಿಗೂ ಬೆಳಕಿನ ಅಂತರ ವಿಪರೀತ, ಎರಡನ್ನೂ ಉಳಿಸಲು ಹೋದರೆ ಎರಡೂ ಕೆಡುತ್ತವೆ. ನಾನು ಮುಖದ ಬೆಳಕಿಗೆ ಅಳತೆ ಮಾಡಿ, ಬೀದಿ ಚೌಕಟ್ಟಿನೊಳಗೆ ಬಾರದಂತೆ ನಿಲ್ಲುತ್ತೇನೆ. ಬರಲೇಬೇಕಾದರೆ ಬೀದಿಯ ಬೆಳಕಿಗೆ ಅಳತೆ ಮಾಡಿ ಜಗಲಿಯನ್ನು ಕಪ್ಪಾಗಲು ಬಿಡುತ್ತೇನೆ. ಆಗ ಕಂಬಗಳ ಸಾಲು ಒಂದರೊಳಗೊಂದು ಚೌಕಟ್ಟಾಗುತ್ತದೆ. ಶಟರ್ ವೇಗ ಸೆಕೆಂಡಿನ 1/250ಕ್ಕಿಂತ ಕೆಳಗಿಳಿಯದಂತೆ, ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ ಹೇಳುವ ಐಎಸ್‌ಒ 6400 ದಾಟದಂತೆ ಕಟ್ಟಿಹಾಕಿ ಉಳಿದದ್ದನ್ನು ಕ್ಯಾಮೆರಾಕ್ಕೆ ಬಿಟ್ಟೆ. ಎದುರು ಗೋಡೆ ಹಸಿರಾಗಿದ್ದರೆ ಮುಖವೂ ಹಸಿರಾಗುತ್ತದೆ, ಹಾಗಾಗಿ ಆಮೇಲೆ ಬಣ್ಣ ತಿದ್ದಲು ಬರುವ ರಾ ಕಡತ (ಕ್ಯಾಮೆರಾ ಸಂಸ್ಕರಿಸದ ಚಿತ್ರ) ಬೇಕೇಬೇಕು. ಇನ್ನೊಂದು ಎಚ್ಚರ ಪಾದಕ್ಕೆ. ಒಂದೊಂದು ಅಂಗಡಿಯ ಜಗಲಿ ಒಂದೊಂದು ಎತ್ತರ, ಮೆಟ್ಟಿಲು ಎಲ್ಲೆಂದರಲ್ಲಿ, ನಡುವೆ ನಿಲ್ಲಿಸಿದ ಬೈಕು. ವ್ಯೂಫೈಂಡರಿಗೆ ಕಣ್ಣಿಟ್ಟು ನಡೆದರೆ ಮುಗ್ಗರಿಸುವುದು ಖಂಡಿತ. ನಾನು ಎರಡು ಸಲ ಮುಗ್ಗರಿಸಿದೆ.

ಮಾರಿಯಮ್ಮನ ಗುಡಿಯ ಹತ್ತಿರದ ಜಗಲಿಯಲ್ಲಿ ಹೂ ಕಟ್ಟುವ ಹೆಂಗಸೊಬ್ಬರು ಆ ಎರಡಡಿಯೊಳಗೇ ಕುಳಿತಿದ್ದರು. ನಾನು ದೂರದಿಂದ ಹಿಂಜರಿಯುತ್ತಿದ್ದೆ. ಅಕ್ಕ ನೇರ ಹೋಗಿ ಅವರ ಪಕ್ಕದ ಸ್ಟೂಲಿನ ಮೇಲೆ ಕುಳಿತು, ಮಲ್ಲಿಗೆ ಎಷ್ಟು ಎಂದು ತಮಿಳಿನಲ್ಲಿ ಶುರುಮಾಡಿದಳು. ಹತ್ತು ನಿಮಿಷದಲ್ಲಿ ಅವರಿಗೆ ಎಷ್ಟು ಮಕ್ಕಳು, ನಮಗೆ ಎಷ್ಟು ಮಕ್ಕಳು, ಹಡಗಿನ ಊಟ ಹೇಗಿದೆ ಎಲ್ಲ ಮುಗಿದಿತ್ತು. "ಇವಳಿಗೆ ಒಂದು ಫೋಟೊ ಬೇಕಂತೆ" ಎಂದು ಕೊನೆಗೆ ನನ್ನನ್ನು ತೋರಿಸಿದಳು. ತೆಗೆದೆ. ಅವರು ಕೈಚಾಚಿ ಕ್ಯಾಮೆರಾ ಕೇಳಿ, ಪರದೆಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, ಮೂಗುತಿ ಕಾಣುತ್ತಿಲ್ಲ ಎಂದರು. ನಿಜ, ಕಲ್ಲು ಸತ್ತುಹೋಗಿತ್ತು. ಮುಖವನ್ನು ಬೀದಿಯ ಕಡೆಗೆ ಅರ್ಧ ತಿರುಗಿಸಿ ಎಂದೆ. ಎದುರಿನ ಬಿಸಿಲು ಕಲ್ಲಿಗೆ ತಾಗಿತು, ಅದರ ಜೊತೆ ಎರಡೂ ಕಣ್ಣುಗಳಲ್ಲಿ ಬೀದಿಯ ಬೆಳಕು ಸಣ್ಣ ಕಿಟಕಿಯಂತೆ ಮೂಡಿತು. ಈ ಸಲ ನೋಡಿ ತಲೆಯಾಡಿಸಿದರು. ಮಗಳಿಗೆ ಕಳಿಸಲು ನಂಬರು ಕೊಟ್ಟರು, ಅಂದು ರಾತ್ರಿಯೇ ಕಳಿಸಿದೆ. ಇಡೀ ದಿನದ ನಾನೂರ ಹನ್ನೆರಡು ಚಿತ್ರಗಳಲ್ಲಿ ನಾನು ಇಟ್ಟುಕೊಂಡದ್ದು ಹತ್ತೊಂಬತ್ತು, ಅವುಗಳಲ್ಲಿ ಹನ್ನೊಂದು ಈ ಒಂದು ಗಂಟೆಯ ಜಗಲಿಯವು.

ಎರಡೂವರೆಗೆ ಎದ್ದು ಬಂದರಿನ ಕಡೆ ಹೆಜ್ಜೆ ಹಾಕಿದೆವು. ಕೋಟೆಯನ್ನು ಹೊರಗಿನಿಂದ ನೋಡಿದ್ದಷ್ಟೇ. 1786ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಫ್ರಾನ್ಸಿಸ್ ಲೈಟ್ ಇಲ್ಲಿ ಇಳಿದಾಗ ಕಾಡಿತ್ತಂತೆ. ಕೂಲಿಗಳು ಬೇಗ ಕಡಿಯಲೆಂದು ಫಿರಂಗಿಯಲ್ಲಿ ಬೆಳ್ಳಿ ನಾಣ್ಯ ತುಂಬಿ ಕಾಡಿನೊಳಗೆ ಹಾರಿಸಿದನೆಂದು ಊರಿನ ಕಥೆ. ಕೋಟೆಗೆ ಹೆಸರು ಕಾರ್ನ್‌ವಾಲಿಸ್‌ನದು, 1792ರಲ್ಲಿ ಶ್ರೀರಂಗಪಟ್ಟಣವನ್ನು ಮುತ್ತಿ ಟಿಪ್ಪುವಿನಿಂದ ಅರ್ಧ ರಾಜ್ಯ ಬರೆಸಿಕೊಂಡ ಅದೇ ಕಾರ್ನ್‌ವಾಲಿಸ್. ಅಕ್ಕನಿಗೆ ಇದನ್ನು ಹೇಳಿದರೆ, "ಇವನು ಇಲ್ಲಿಗೂ ಬಂದಿದ್ದನೇ?" ಎಂದಳು. ಹೆಸರು ಮಾತ್ರ ಬಂದಿತ್ತು ಎಂದೆ. ದ್ವೀಪದ ಸ್ವಂತ ಹೆಸರು ಅದಕ್ಕಿಂತ ಚೆಂದ: ಪುಲಾವ್ ಪಿನಾಂಗ್. ಪುಲಾವ್ ಎಂದರೆ ದ್ವೀಪ, ಪಿನಾಂಗ್ ಎಂದರೆ ಅಡಿಕೆ. ಅದನ್ನು ಕೇಳಿ ಅವಳು ಇನ್ನೂ ಜಾಸ್ತಿ ಖುಷಿಪಟ್ಟಳು.

ಗಡಿಯಾರದ ಗೋಪುರದ ಎದುರು ಒಂದೇ ನಿಮಿಷ ನಿಂತೆ. ವಿಕ್ಟೋರಿಯಾ ಪಟ್ಟವೇರಿ ಅರವತ್ತು ವರ್ಷ ತುಂಬಿದ 1897ರ ನೆನಪಿಗೆ ಚಿಯಾ ಚೆನ್ ಇಯೋಕ್ ಎಂಬ ಇಲ್ಲಿನ ಸಿರಿವಂತ ಕಟ್ಟಿಸಿಕೊಟ್ಟದ್ದು. ವರ್ಷಕ್ಕೊಂದು ಅಡಿಯಂತೆ ಅರವತ್ತು ಅಡಿ. ಎರಡನೆಯ ಮಹಾಯುದ್ಧದಲ್ಲಿ ಹತ್ತಿರ ಬಿದ್ದ ಬಾಂಬುಗಳಿಂದ ತುಸು ವಾಲಿದೆ ಎನ್ನುತ್ತಾರೆ. ನಾನು ಅದನ್ನು ನೋಡಿದ್ದು ವಾಲಿದೆಯೇ ಎಂದಲ್ಲ, ಗಂಟೆ ಎಷ್ಟು ಎಂದು. ಮೂರಕ್ಕೆ ಹತ್ತು ನಿಮಿಷವಿತ್ತು. ಓಡುತ್ತಲೇ ಒಂದು ಚಿತ್ರ ತೆಗೆದು ಗೇಟಿಗೆ ನಡೆದೆ.

ಮೂರೂಕಾಲಿಗೆ ಹಡಗಿನೊಳಗಿದ್ದೆವು. ಕ್ಯಾಬಿನ್ನಿಗೆ ಹೋಗುವ ಮೊದಲು ಕ್ಯಾಮೆರಾವನ್ನು ಜಿಪ್ ಚೀಲಕ್ಕೆ ಹಾಕಲು ಈ ಸಲ ಮರೆಯಲಿಲ್ಲ, ಚೀಲ ಸೂಟ್‌ಕೇಸಿನಲ್ಲಿ ಇದೆ ಎಂಬುದನ್ನು ಮರೆತಿದ್ದೆ. ಸೂಟ್‌ಕೇಸಿನಲ್ಲಿದ್ದ ಹಳೆಯ ಕೈಗಡಿಯಾರವನ್ನೂ ತೆಗೆದು ಹಡಗಿನ ಸಮಯಕ್ಕೆ ತಿರುಗಿಸಿ ಕಟ್ಟಿಕೊಂಡೆ.

ಊರಿಗೆ ಬಂದು ಗೋಪುರದ ಚಿತ್ರವನ್ನು ದೊಡ್ಡದು ಮಾಡಿ ನೋಡಿದಾಗ ಅದು ಎಡಕ್ಕೆ ವಾಲಿತ್ತು. ಬಾಂಬು ವಾಲಿಸಿದ್ದೋ, ಓಡುತ್ತಿದ್ದ ನನ್ನ ಕೈ ವಾಲಿಸಿದ್ದೋ ಎಂದು ಪಕ್ಕದ ದೀಪದ ಕಂಬಕ್ಕೆ ಸ್ಕೇಲು ಹಿಡಿದೆ. ಕಂಬವೂ ಎಡಕ್ಕೇ ವಾಲಿತ್ತು, ಗೋಪುರಕ್ಕಿಂತ ಹೆಚ್ಚಾಗಿ.